ಸ್ಲೀವೋ, ಬೈಪಾಸೋ? ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆರಿಸುವ ಮುನ್ನ

ಬೆಂಗಳೂರಿನ ವರ್ತೂರು ಕೆರೆಯ ಕೆಳಗಿನ ಬಯಲಿನಲ್ಲಿ ಭತ್ತ, ಸೊಪ್ಪು ಬೆಳೆಯುತ್ತಿದ್ದ ಮನೆಗಳಲ್ಲಿ ಈಗ ಪಿಜಿ, ಅಂಗಡಿ ಮಳಿಗೆಗಳ ಬಾಡಿಗೆ ಲೆಕ್ಕ ನಡೆಯುತ್ತದೆ. ಅದೇ ಬೀದಿಯ ಬಾಡಿಗೆದಾರರು ಐಟಿಪಿಎಲ್‌ಗೋ ಬೆಳ್ಳಂದೂರು ಕಡೆಯ ಟೆಕ್ ಪಾರ್ಕಿಗೋ ಹೋಗಿ, ದಿನವಿಡೀ ಕುರ್ಚಿಯಲ್ಲಿ, ಆಮೇಲೆ ವರ್ತೂರು ಕೋಡಿಯ ಟ್ರಾಫಿಕ್ಕಿನಲ್ಲಿ ಕೂತು ಮನೆ ಸೇರುತ್ತಾರೆ. ಅಮೆರಿಕದ ಹಗಲಿಗೆ ಹೊಂದಿಕೊಂಡು ದುಡಿಯುವವರಿಗೆ ಊಟ ನಡುರಾತ್ರಿ ದಾಟಿದ ಮೇಲೆ. ಹೊಲ ಮಾರಿದವರು, ಫ್ಲ್ಯಾಟ್ ಕೊಂಡವರು, ಇಬ್ಬರ ಬದುಕೂ ಬೇರೆ. ಲ್ಯಾಬಿನಿಂದ ಬರುವ ವರದಿ ಮಾತ್ರ ಒಂದೇ ತರಹ: ಶುಗರ್ ಏರಿದೆ, ಲಿವರ್‌ನಲ್ಲಿ ಕೊಬ್ಬು ಸೇರಿದೆ. ಜೊತೆಗೆ ಮಂಡಿ ನೋವು, ಗೊರಕೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆಂಗಸರಲ್ಲಿ 30 ಮಂದಿ, ಗಂಡಸರಲ್ಲೂ ಹೆಚ್ಚುಕಡಿಮೆ ಅಷ್ಟೇ ಮಂದಿ, ಇರಬೇಕಾದ್ದಕ್ಕಿಂತ ಹೆಚ್ಚು ತೂಕದವರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ 22–23ರ ಆಸುಪಾಸಿನಲ್ಲಿತ್ತು. ಹೈದರಾಬಾದಿನ 345 ಐಟಿ ನೌಕರರನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಶೇ 84ರಷ್ಟು ಮಂದಿಯ ಲಿವರ್‌ನಲ್ಲಿ ಕೊಬ್ಬು ಕಂಡಿತು, ಶೇ 71ರಷ್ಟು ಮಂದಿಗೆ ಬೊಜ್ಜಿತ್ತು. ವೈಟ್‌ಫೀಲ್ಡ್ ಸುತ್ತಿನ ಕಚೇರಿಗಳ ದಿನಚರಿ ಹೈದರಾಬಾದಿನದಕ್ಕಿಂತ ಬೇರೆಯೇನೂ ಇಲ್ಲ.

ಡಯೆಟ್, ಜಿಮ್, ಪ್ರಕೃತಿ ಚಿಕಿತ್ಸೆ ಎಲ್ಲ ಮುಗಿಸಿ, ಇಳಿದ ತೂಕ ಮತ್ತೆ ಏರಿ, ಕೊನೆಗೆ ಸರ್ಜನ್ ಎದುರು ಕೂತವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ: ‘ಡಾಕ್ಟ್ರೇ, ಸ್ಲೀವ್ ಒಳ್ಳೇದಾ, ಬೈಪಾಸಾ?’ ಅಷ್ಟರಲ್ಲಿ ಆಫೀಸಿನ ಒಬ್ಬರು ಸ್ಲೀವ್ ಮಾಡಿಸಿಕೊಂಡು ಸಣ್ಣಗಾಗಿರುತ್ತಾರೆ, ನೆಂಟರಲ್ಲಿ ಒಬ್ಬರು ಮಿನಿ ಬೈಪಾಸ್ ಅಂದಿರುತ್ತಾರೆ, ಮೊಬೈಲಿನಲ್ಲಿ ‘ಈ ತಿಂಗಳ ಪ್ಯಾಕೇಜ್’ ಜಾಹೀರಾತು ಬಂದಿರುತ್ತದೆ. ಪ್ರಶ್ನೆಗೆ ಉತ್ತರವಿದೆ. ಆದರೆ ಅದು ಶಸ್ತ್ರಚಿಕಿತ್ಸೆಯ ಹೆಸರಿನಲ್ಲಿ ಸಿಗುವಂಥದ್ದಲ್ಲ. ಕೇಳುವವರ ಅನ್ನನಾಳದಲ್ಲಿ, ಶುಗರ್ ಬಂದು ಎಷ್ಟು ವರ್ಷವಾಯಿತು ಎಂಬುದರಲ್ಲಿ, ಊಟದ ತಟ್ಟೆಯಲ್ಲಿ, ಸಿಗರೇಟು ಹೆಂಡದ ಅಭ್ಯಾಸದಲ್ಲಿ ಇದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಯ ನಂತರ ತೀರಿಕೊಂಡರು. ವಯಸ್ಸು 21. ಸುದ್ದಿ ರಾಜ್ಯವನ್ನೇ ಕಲಕಿತು. ‘ತೂಕ ಇಳಿಸುವ ಆಪರೇಷನ್’ ಎಂಬ ಮಾತು ಕೇಳಿದರೆ ಇಂದಿಗೂ ಅನೇಕ ತಾಯಂದಿರಿಗೆ ಆ ಹುಡುಗಿಯ ಮುಖವೇ ನೆನಪಾಗುತ್ತದೆ. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ದೇಹದ ಆಕಾರ ತಿದ್ದುವ ಸೌಂದರ್ಯ ಚಿಕಿತ್ಸೆ. ಅದರಿಂದ ಶುಗರ್ ಇಳಿಯದು, ಹಸಿವು ಬದಲಾಗದು, ಬೊಜ್ಜಿನ ಕಾಯಿಲೆ ವಾಸಿಯಾಗದು. ಜಠರ, ಕರುಳಿನ ಮೇಲೆ ನಡೆಯುವ ಬಾರಿಯಾಟ್ರಿಕ್ ಸರ್ಜರಿ ಬೇರೆಯೇ ಶಾಸ್ತ್ರ. ಮಾಡುವವರು ಬೇರೆ, ಮಾಡಿಸಿಕೊಳ್ಳಬೇಕಾದವರೂ ಬೇರೆ. ಎರಡನ್ನೂ ಒಂದೇ ಬೋರ್ಡಿನ ಕೆಳಗೆ ಮಾರುವ ಜಾಗವಿದ್ದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಯಾರಿಗೆ ಈ ಶಸ್ತ್ರಚಿಕಿತ್ಸೆ? ತೂಕವನ್ನು ಕಿಲೋದಲ್ಲಿ ಹಿಡಿದು, ಮೀಟರ್‌ನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಹಾಕಿದ ಗೆರೆ: ಬಿಎಂಐ 40 ದಾಟಿದವರು, ಅಥವಾ 35 ದಾಟಿ ಜೊತೆಗೆ ಕಾಯಿಲೆಯೂ ಇರುವವರು. ಭಾರತೀಯರ ಮೈ ಬೇರೆ ಜಾಯಮಾನದ್ದು. ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂರುತ್ತದೆ, ಕಡಿಮೆ ತೂಕಕ್ಕೇ ಶುಗರ್ ಬರುತ್ತದೆ. ಆದ್ದರಿಂದ ಏಷ್ಯದವರಿಗೆ ಈ ಗೆರೆಯನ್ನು 37.5ಕ್ಕೆ, ಕಾಯಿಲೆಯಿದ್ದರೆ 32.5ಕ್ಕೆ ಇಳಿಸಿದರು. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬಾರಿಯಾಟ್ರಿಕ್ ಸಂಘಗಳು ಸೇರಿ ಇನ್ನೂ ಕೆಳಗಿಳಿಸಿ, ಏಷ್ಯದವರ ವಿಷಯದಲ್ಲಿ 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆಂದವು. ಪರಿಗಣಿಸಬಹುದು ಎಂದರೆ ಮಾಡಿಸಲೇಬೇಕು ಎಂದಲ್ಲ. ಬಿಎಂಐ 28 ಇದ್ದು ಬೇರೇನೂ ತೊಂದರೆಯಿಲ್ಲದ, ಮದುವೆಗೆ ಮುಂಚೆ ಸಣ್ಣಗಾಗಬೇಕೆಂಬ ಮೂವತ್ತರ ಯುವತಿಗೆ ಜಠರ ಕತ್ತರಿಸುವ ಅಗತ್ಯವಿಲ್ಲ. 2025ರ ಜನವರಿಯಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ ಕೂಡ ಇದೇ ದಿಕ್ಕಿನಲ್ಲಿ ಮಾತಾಡಿತು: ಬಿಎಂಐ ಒಂದನ್ನೇ ನೋಡಬೇಡಿ, ಬೊಜ್ಜು ಅಂಗಾಂಗಗಳಿಗೆ ಏನು ಮಾಡಿದೆ ನೋಡಿ ಎಂದು.

ವಿಮೆಯ ಗೆರೆ ಮಾತ್ರ ಹಳೆಯ ಜಾಗದಲ್ಲೇ ನಿಂತಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪದಗಳೇ ಈಗ ಪಾಲಿಸಿಗಳಲ್ಲಿ ಇವೆ: ವಯಸ್ಸು 18 ದಾಟಿರಬೇಕು, ಬಿಎಂಐ 40 ಇರಬೇಕು, 35 ಇದ್ದರೆ ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ಕಾಯಿಲೆ, ಹೃದಯ ರಕ್ತನಾಳದ ಕಾಯಿಲೆ, ತೀವ್ರ ನಿದ್ರಾ ಉಸಿರುಕಟ್ಟು, ಹತೋಟಿಗೆ ಬಾರದ ಟೈಪ್ 2 ಮಧುಮೇಹ ಇವುಗಳಲ್ಲಿ ಒಂದಾದರೂ ಇದ್ದು, ಬೇರೆ ಚಿಕಿತ್ಸೆ ಸೋತಿರಬೇಕು. ಲೆಕ್ಕ ಹಾಕಿ ನೋಡಿ. 170 ಸೆಂಟಿಮೀಟರ್ ಎತ್ತರದ ಒಬ್ಬರಿಗೆ ಬಿಎಂಐ 32.5 ಅಂದರೆ 94 ಕಿಲೋ. ಶುಗರ್ ಇದ್ದರೆ ವೈದ್ಯಶಾಸ್ತ್ರ ಅವರನ್ನು ಅರ್ಹರೆನ್ನುತ್ತದೆ. ವಿಮೆಯ ಬಾಗಿಲು ತೆರೆಯುವುದು 101 ಕಿಲೋಗೆ. ಆ ಪಟ್ಟಿಯ ಕಾಯಿಲೆ ಇಲ್ಲದಿದ್ದರೆ 116ಕ್ಕೆ. ನಡುವೆ ಸಿಕ್ಕಿಬಿದ್ದವರು ಕೆಲವು ಲಕ್ಷ ರೂಪಾಯಿಯನ್ನು ಕೈಯಿಂದಲೇ ಕಟ್ಟಬೇಕು. ಟೆಕ್ ಕಂಪನಿಯ ಗುಂಪು ವಿಮೆ ಇದ್ದವರು ಎಚ್‌ಆರ್‌ಗೆ ಕೇಳಿ ಪಾಲಿಸಿಯ ಒಕ್ಕಣೆಯನ್ನು ಬರಹದಲ್ಲಿ ಪಡೆದುಕೊಳ್ಳಬಹುದು. ಕೆಲವು ಕಂಪನಿಗಳು ಹೆಚ್ಚುವರಿ ಸೌಲಭ್ಯ ಸೇರಿಸಿಕೊಂಡಿರುತ್ತವೆ. ಅದೇ ಕಂಪನಿಯ ಗೇಟಿನಲ್ಲಿ ನಿಂತಿರುವ ಸೆಕ್ಯುರಿಟಿಯವರಿಗೆ, ಕ್ಯಾಬ್ ಓಡಿಸುವವರಿಗೆ ಆ ಅನುಕೂಲವಿಲ್ಲ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರಿಂದ ಉಚಿತ ಚಿಕಿತ್ಸೆ ಕೊಡುತ್ತ ಬಂದಿದೆ, ಆದರೆ ಅದು ಮುಖ್ಯವಾಗಿ ಹೃದಯ ಮತ್ತು ನರರೋಗಗಳ ಆಸ್ಪತ್ರೆ. ಬೊಜ್ಜು ಬಡವರಿಗೂ ಬರುತ್ತದೆ ಎಂಬುದನ್ನು ವಿಮೆಯ ನಿಯಮ ಬರೆಯುವವರು, ಸರ್ಕಾರಿ ಯೋಜನೆ ರೂಪಿಸುವವರು ಬೇಗ ಒಪ್ಪಿಕೊಳ್ಳಬೇಕಾಗಿದೆ.

ಇನ್ನು ಶಸ್ತ್ರಚಿಕಿತ್ಸೆಗಳಿಗೆ ಬರೋಣ. ಹೆಸರು ಹತ್ತಾರಿದ್ದರೂ ನಮ್ಮಲ್ಲಿ ನಿಜವಾಗಿ ಆರಿಸಿಕೊಳ್ಳುವುದು ಮೂರರ ನಡುವೆ: ಸ್ಲೀವ್, ಬೈಪಾಸ್, ಮಿನಿ ಬೈಪಾಸ್.

ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವುದು ಸ್ಲೀವ್, ಭಾರತದಲ್ಲೂ ಅದೇ. ಜಠರದ ಹೊರಬಾಗಿದ ಕಡೆಯಿಂದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಸ್ಟೇಪ್ಲರ್‌ನಿಂದ ಹೊಲಿದು ಕತ್ತರಿಸಿ ಹೊರತೆಗೆಯುತ್ತಾರೆ. ಒಂದು ಲೀಟರಿಗೂ ಹೆಚ್ಚು ಹಿಡಿಯುತ್ತಿದ್ದ ಚೀಲ ಸುಮಾರು 100–150 ಮಿಲಿಲೀಟರಿನ ಉದ್ದನೆಯ ಕೊಳವೆಯಾಗುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆದ ಆ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ‘ಹಸಿವೇ ಆಗ್ತಿಲ್ಲ’ ಎಂದು ರೋಗಿಗಳು ಬೆರಗಾಗುತ್ತಾರೆ. ಕರುಳನ್ನು ಮುಟ್ಟುವುದಿಲ್ಲ, ಆಪರೇಷನ್ ಚಿಕ್ಕದು, ಎರಡು ಮೂರು ದಿನಕ್ಕೆ ಮನೆ. ಮೊದಲಿಗೆ ಇದು ಸ್ವತಂತ್ರ ಚಿಕಿತ್ಸೆಯೇ ಆಗಿರಲಿಲ್ಲ. ವಿಪರೀತ ತೂಕದವರಿಗೆ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಒಂದೇ ಸಲ ಮಾಡುವುದು ಅಪಾಯವೆಂದು ಮೊದಲ ಹಂತವಾಗಿ ಜಠರವನ್ನಷ್ಟೇ ಕಿರಿದುಗೊಳಿಸುತ್ತಿದ್ದರು. ಎರಡನೇ ಹಂತಕ್ಕೆ ಮುಂಚೆಯೇ ತೂಕ ಚೆನ್ನಾಗಿ ಇಳಿದದ್ದು ಕಂಡು ಅದನ್ನೇ ಪೂರ್ಣ ಚಿಕಿತ್ಸೆಯಾಗಿ ಬಳಸತೊಡಗಿದರು. ಒಂದು ಮಾತು ಮರೆಯಬಾರದು: ಕತ್ತರಿಸಿ ತೆಗೆದ ಜಠರ ಮರಳಿ ಬರುವುದಿಲ್ಲ. ಸ್ಲೀವ್ ‘ಚಿಕ್ಕ ಆಪರೇಷನ್’ ಆದರೂ ಅದಕ್ಕೆ ಹಿಂದಿರುಗುವ ದಾರಿಯಿಲ್ಲ.

ಬೈಪಾಸ್ ಹಳೆಯದು. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಇದನ್ನು ಬೊಜ್ಜಿಗೆ ಬಳಸಿದರು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡ ರೋಗಿಗಳ ತೂಕ ಏರದಿರುವುದನ್ನು ಗಮನಿಸಿ ಹೊಳೆದ ದಾರಿ ಇದು. ಇಂದಿನ ರೂಪದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಕರುಳನ್ನು ಕತ್ತರಿಸಿ ಅದಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆದರೆ ಊಟ ಆ ದಾರಿಯಲ್ಲಿ ಹೋಗುವುದಿಲ್ಲ. ಎರಡು ಕಡೆ ಜೋಡಣೆ, ಹೆಚ್ಚು ಕೈಕೆಲಸ. ಊಟ ಕರುಳಿನ ಮೊದಲ ಭಾಗವನ್ನು ತಪ್ಪಿಸಿ ನೇರ ಮುಂದಕ್ಕೆ ಹೋಗುವುದರಿಂದ ಹಾರ್ಮೋನುಗಳ ಆಟವೇ ಬದಲಾಗುತ್ತದೆ; ತೂಕ ಇಳಿಯುವ ಮೊದಲೇ, ಎಷ್ಟೋ ಸಲ ಮೊದಲ ವಾರದಲ್ಲೇ, ಶುಗರ್ ಇಳಿಯತೊಡಗುತ್ತದೆ. 2014ರಲ್ಲಿ ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಬಾರಿಯಾಟ್ರಿಕ್ ಸರ್ಜರಿಗೆ ಒಳಗಾದದ್ದು ಮಧುಮೇಹದ ಕಾರಣಕ್ಕೆ. ದೇಶದ ಅನೇಕರು ‘ಶುಗರ್‌ಗೂ ಆಪರೇಷನ್ ಉಂಟೇ?’ ಎಂದು ಮೊದಲು ಕೇಳಿದ್ದು ಆಗ.

ಮಿನಿ ಬೈಪಾಸ್‌ನಲ್ಲಿ ಜಠರವನ್ನು ಉದ್ದ ಕೊಳವೆ ಮಾಡಿ, ಕರುಳನ್ನು ಕತ್ತರಿಸದೆ, 150–200 ಸೆಂಟಿಮೀಟರ್ ಕೆಳಗಿನ ಜಾಗವನ್ನು ಮೇಲೆಳೆದು ಒಂದೇ ಕಡೆ ಜೋಡಿಸುತ್ತಾರೆ. 1997ರಲ್ಲಿ ಅಮೆರಿಕದ ರಾಬರ್ಟ್ ರಟ್ಲೆಜ್ ಆರಂಭಿಸಿದ ವಿಧಾನ. ಅಲ್ಲಿಗಿಂತ ಭಾರತದಲ್ಲಿ ಇದಕ್ಕೆ ಹೆಚ್ಚು ಆದರ ಸಿಕ್ಕಿತು. ಬೇಗ ಮುಗಿಯುತ್ತದೆ, ತೂಕ ಚೆನ್ನಾಗಿ ಇಳಿಯುತ್ತದೆ, ಶುಗರ್‌ಗೆ ಪರಿಣಾಮ ಬಲವಾಗಿದೆ. ಆದರೆ ಹೆಸರಿನಲ್ಲಿರುವ ‘ಮಿನಿ’ಯನ್ನು ನಂಬಿ ಇದು ಸೌಮ್ಯ ಚಿಕಿತ್ಸೆ ಎಂದುಕೊಳ್ಳಬಾರದು. ಆಹಾರ ಹೀರುವ ಕರುಳನ್ನು ಇಷ್ಟು ಉದ್ದ ಬಿಟ್ಟುಬಿಡುವುದರಿಂದ ಪೌಷ್ಟಿಕಾಂಶದ ಕೊರತೆಯ ವಿಷಯದಲ್ಲಿ ಮೂರರಲ್ಲಿ ಹೆಚ್ಚು ಕಣ್ಣಿಡಬೇಕಾದದ್ದು ಇದಕ್ಕೇ. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫ್ರಾನ್ಸಿನ ಯೊಮೆಗಾ ಅಧ್ಯಯನದಲ್ಲಿ ಎರಡು ವರ್ಷಕ್ಕೆ ತೂಕ ಇಳಿಕೆ ಬೈಪಾಸ್‌ಗೆ ಸಮನಾಗಿತ್ತು. ಭೇದಿ ಮತ್ತು ಪೌಷ್ಟಿಕಾಂಶದ ತೊಂದರೆ ಹೆಚ್ಚು ಕಂಡವು. ಕೆಲವರಲ್ಲಿ ಪಿತ್ತರಸ ಮೇಲಕ್ಕೆ ಬಂದು ಜಠರವನ್ನು, ಅನ್ನನಾಳವನ್ನು ಸುಡುತ್ತದೆ.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಜಠರದ ಸುತ್ತ ಸಿಲಿಕೋನ್ ಪಟ್ಟಿ ಬಿಗಿಯುವ ಬ್ಯಾಂಡ್ ಒಂದು ಕಾಲಕ್ಕೆ ಜಗತ್ತನ್ನೇ ಆಳಿತು. ಪಟ್ಟಿ ಜಾರುವುದು, ಜಠರದೊಳಕ್ಕೆ ಕೊರೆದುಕೊಂಡು ಹೋಗುವುದು ಹೆಚ್ಚಾಗಿ ಈಗ ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಸ್ಲೀವ್ ಜೊತೆಗೆ ಕರುಳಿನ ಬಹುಭಾಗವನ್ನೂ ತಪ್ಪಿಸುವ ಡ್ಯುಯೋಡಿನಲ್ ಸ್ವಿಚ್ ತೂಕ ಇಳಿಸುವುದರಲ್ಲಿ ಎಲ್ಲಕ್ಕಿಂತ ಮುಂದು, ಅಪೌಷ್ಟಿಕತೆಯಲ್ಲೂ ಮುಂದು. ಅತಿ ಹೆಚ್ಚು ಬಿಎಂಐ ಇರುವ ಕೆಲವರಿಗಷ್ಟೇ. ಜಠರದೊಳಗೆ ಇಡುವ ಬಲೂನು ಶಸ್ತ್ರಚಿಕಿತ್ಸೆಯೇ ಅಲ್ಲ, ಕೆಲವು ತಿಂಗಳಿಗೆ ತೆಗೆಯುತ್ತಾರೆ, ತೆಗೆದ ಮೇಲೆ ತೂಕ ಮರಳುವುದು ಸಾಮಾನ್ಯ. ಎಂಡೋಸ್ಕೋಪಿಯಿಂದ ಒಳಗಿನಿಂದಲೇ ಹೊಲಿಯುವ ವಿಧಾನ ಹೊಸದು. ಇಳಿಕೆ ಸ್ಲೀವ್‌ಗಿಂತ ಕಡಿಮೆ.

ಹಾಗಾದರೆ ಸ್ಲೀವೋ, ಬೈಪಾಸೋ? ಇದನ್ನು ತಿಳಿಯಲು ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ಹಿಂಬಾಲಿಸಿದ ಎರಡು ಅಧ್ಯಯನಗಳಿವೆ. ಸ್ವಿಟ್ಜರ್ಲೆಂಡಿನದ್ದರಲ್ಲಿ ಐದು ವರ್ಷದ ಕೊನೆಗೆ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫಿನ್ಲೆಂಡಿನದ್ದು 240 ಮಂದಿಯನ್ನು ಹತ್ತು ವರ್ಷ ನೋಡಿತು: ಸ್ಲೀವ್ ಆದವರು ಹೆಚ್ಚುವರಿ ತೂಕದಲ್ಲಿ ಶೇ 43ರಷ್ಟನ್ನು, ಬೈಪಾಸ್ ಆದವರು ಅರ್ಧದಷ್ಟನ್ನು ಕಳೆದುಕೊಂಡ ಸ್ಥಿತಿಯಲ್ಲಿದ್ದರು. ಬೈಪಾಸ್ ಮುಂದಿದೆ, ನಿಜ. ಆದರೆ ಆಯ್ಕೆ ತಿರುಗಬೇಕಾದದ್ದು ಈ ಏಳೆಂಟು ಅಂಕದ ಮೇಲಲ್ಲ. ಅದೇ ಫಿನ್ಲೆಂಡಿನ ಅಧ್ಯಯನದಲ್ಲಿ ಹತ್ತು ವರ್ಷಕ್ಕೆ ಎಂಡೋಸ್ಕೋಪಿ ಮಾಡಿದಾಗ ಸ್ಲೀವ್‌ನವರಲ್ಲಿ ಶೇ 31 ಮಂದಿಯ ಅನ್ನನಾಳದಲ್ಲಿ ಹುಳಿ ಸುಟ್ಟ ಗಾಯವಿತ್ತು. ಬೈಪಾಸ್‌ನವರಲ್ಲಿ ಶೇ 7. ಸ್ವಿಸ್ ಅಧ್ಯಯನದಲ್ಲೂ ಎದೆ ಉರಿ ಹೆಚ್ಚಾದವರು ಸ್ಲೀವ್ ಕಡೆ ಶೇ 32ರ ಹತ್ತಿರ, ಬೈಪಾಸ್ ಕಡೆ ಶೇ 6. ಕಿರಿದಾದ ಕೊಳವೆಯಲ್ಲಿ ಒತ್ತಡ ಹೆಚ್ಚಿ ಹುಳಿ ಮೇಲಕ್ಕೆ ನುಗ್ಗುತ್ತದೆ. ಬೈಪಾಸ್‌ನ ಪುಟ್ಟ ಚೀಲದಲ್ಲಿ ಹುಳಿ ತಯಾರಾಗುವುದೇ ಕಡಿಮೆ.

ಇಲ್ಲಿ ನಮ್ಮೂರಿನ ಒಂದು ಅಭ್ಯಾಸ ದೊಡ್ಡ ತೊಡಕಾಗುತ್ತದೆ. ಎದೆ ಉರಿ, ಹುಳಿ ತೇಗು, ಹೊಟ್ಟೆ ಉಬ್ಬರ, ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಎಂದು ಹೇಳಿ ಮೆಡಿಕಲ್ ಸ್ಟೋರಿನಿಂದ ಪ್ಯಾಂಟಪ್ರಜೋಲ್ ತಂದು ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವವರು ಮನೆಗೊಬ್ಬರಿದ್ದಾರೆ. ಅದನ್ನು ಔಷಧಿ ಎಂದೇ ಅವರು ಎಣಿಸುವುದಿಲ್ಲ. ಸರ್ಜನ್ ‘ಎದೆ ಉರಿ ಇದೆಯಾ?’ ಎಂದರೆ, ಮಾತ್ರೆಯ ದಯೆಯಿಂದ ಉರಿ ಇಲ್ಲದ ಕಾರಣ, ‘ಇಲ್ಲ’ ಎನ್ನುತ್ತಾರೆ. ಸ್ಲೀವ್ ನಡೆದುಹೋಗುತ್ತದೆ. ವರ್ಷದೊಳಗೆ ರಾತ್ರಿ ಮಲಗಲಾರದಷ್ಟು ಉರಿ, ಕೆಮ್ಮು, ಬಾಯಿಗೆ ಹುಳಿ. ಕೊನೆಗೆ ಅದನ್ನು ಸರಿಪಡಿಸಲು ಬೈಪಾಸ್‌ಗೇ ಬದಲಿಸಬೇಕಾಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ಎಂಡೋಸ್ಕೋಪಿ ಆಗಲೇಬೇಕು. ಅನ್ನನಾಳದಲ್ಲಿ ಗಾಯ, ದೊಡ್ಡ ಹಯಾಟಸ್ ಹರ್ನಿಯಾ (ಜಠರದ ಮೇಲ್ತುದಿ ಎದೆಯೊಳಕ್ಕೆ ಜಾರುವುದು), ಬ್ಯಾರೆಟ್ ಎಂದು ಕರೆಯುವ ಪದರದ ಬದಲಾವಣೆ ಕಂಡರೆ ಸ್ಲೀವ್ ಮಾತು ಬಿಡುವುದೇ ಒಳ್ಳೆಯದು.

ಶುಗರ್ ಹಳೆಯದಾಗಿ ಇನ್ಸುಲಿನ್‌ವರೆಗೆ ಹೋಗಿದ್ದರೆ ತಕ್ಕಡಿ ಬೈಪಾಸ್ ಕಡೆಗೆ ವಾಲುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 150 ಮಂದಿ ಮಧುಮೇಹಿಗಳ ಮೇಲೆ ನಡೆಸಿದ ಸ್ಟ್ಯಾಂಪೀಡ್ ಅಧ್ಯಯನದಲ್ಲಿ, ಐದು ವರ್ಷದ ನಂತರ ಮೂರು ತಿಂಗಳ ಸರಾಸರಿ ಶುಗರ್ 6 ಅಥವಾ ಕೆಳಗೆ ಇದ್ದವರು ಬೈಪಾಸ್‌ನಲ್ಲಿ ಶೇ 29, ಸ್ಲೀವ್‌ನಲ್ಲಿ ಶೇ 23, ಮಾತ್ರೆ ಇನ್ಸುಲಿನ್ ಮಾತ್ರ ತೆಗೆದುಕೊಂಡವರಲ್ಲಿ ಶೇ 5. ‘ಶುಗರ್ ಶಾಶ್ವತವಾಗಿ ಗುಣ’ ಎಂಬ ಜಾಹೀರಾತಿಗೂ ಈ ಅಂಕಿಗಳಿಗೂ ಇರುವ ದೂರ ಗಮನಿಸಿ. ಶುಗರ್ ಬಂದು ಎರಡು ಮೂರು ವರ್ಷವಾದವರಿಗೆ ಫಲ ಚೆನ್ನಾಗಿ ಸಿಗುತ್ತದೆ, ಹದಿನೈದು ವರ್ಷವಾದವರಿಗೆ ಅಷ್ಟು ಸಿಗುವುದಿಲ್ಲ. ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಶಕ್ತಿ ಉಳಿದಿರಬೇಕಲ್ಲ. ಟೈಪ್ 1 ಮಧುಮೇಹಕ್ಕೆ ಇದು ಪರಿಹಾರವೇ ಅಲ್ಲ.

ಈಗ ತಟ್ಟೆಗೆ ಬರೋಣ. ಆಸ್ಪತ್ರೆಯ ಡಯೆಟ್ ಹಾಳೆಗಳಲ್ಲಿ ಅತಿ ಕಡಿಮೆ ಜಾಗ ಸಿಗುವುದು ಈ ಭಾಗಕ್ಕೆ, ರೋಗಿಯ ಮುಂದಿನ ಬದುಕೆಲ್ಲ ಕಳೆಯುವುದು ಇಲ್ಲೇ. ವರ್ತೂರು, ಹೊಸಕೋಟೆ, ಮಾಲೂರು ಕಡೆಯ ಮನೆಗಳಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತಾರೆ. ಅಜ್ಜಿ ಮೊದಲು ಕಲಿಸುವುದೇ ಅದನ್ನು. ಸ್ಲೀವ್ ಆದ ಜಠರಕ್ಕಾಗಲಿ ಬೈಪಾಸ್‌ನ ಪುಟ್ಟ ಚೀಲಕ್ಕಾಗಲಿ ಹಾಗೆ ನುಂಗಿದ ತುತ್ತು ಹಿಡಿಸದು. ಎದೆಯಲ್ಲಿ ಸಿಕ್ಕಿಕೊಂಡಂತಾಗಿ, ಬಾಯಲ್ಲಿ ನೊರೆ ಬಂದು, ವಾಂತಿಯಾಗುತ್ತದೆ. ಮೊದಲ ಎರಡು ವಾರ ಬರೀ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು. ಈ ಹಂತಗಳಿಗೆ ರಾಗಿ ಅಂಬಲಿ, ಮಜ್ಜಿಗೆ, ಬೇಳೆ ಕಟ್ಟು ನಮ್ಮ ಮನೆಯಲ್ಲೇ ಇವೆ. ತಿಂಗಳು ಎರಡು ತಿಂಗಳ ಮೇಲೆ ಮುದ್ದೆಗೆ ಮರಳುವವರು ನಿಂಬೆಕಾಯಿ ಗಾತ್ರದಿಂದ ಶುರುಮಾಡಿ, ಪ್ರತಿ ತುತ್ತನ್ನೂ ಇಪ್ಪತ್ತು ಸಲ ಅಗಿಯಬೇಕು. ಐವತ್ತು ವರ್ಷ ನುಂಗಿದ ಬಾಯಿಗೆ ಇದು ಹೊಸ ವಿದ್ಯೆ. ಅದನ್ನು ಆಪರೇಷನ್‌ಗೆ ಮುಂಚೆಯೇ ಅಭ್ಯಾಸ ಮಾಡಿಸಬೇಕು, ಆಮೇಲಲ್ಲ.

ಪ್ರೋಟೀನಿನ ಲೆಕ್ಕ ಇನ್ನೂ ಕಠಿಣ. ದಿನಕ್ಕೆ 60ರಿಂದ 80 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಆರೇಳು, ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ ಅಷ್ಟೇ. ಒಂದು ಹೊತ್ತಿಗೆ ನಾಲ್ಕು ಚಮಚ ಹಿಡಿಯುವ ಹೊಟ್ಟೆಯಲ್ಲಿ ಅನ್ನ ಸಾರು ಮೊದಲು ಸೇರಿಬಿಟ್ಟರೆ ಪ್ರೋಟೀನಿಗೆ ಜಾಗವೆಲ್ಲಿ? ಆದ್ದರಿಂದ ಊಟದ ಕ್ರಮವೇ ತಿರುವುಮುರುವಾಗಬೇಕು: ಮೊದಲು ಮೊಟ್ಟೆ, ಕೋಳಿ, ಮೀನು, ಪನೀರ್, ಹುರುಳಿ, ಸೋಯಾ, ಕೊನೆಗೆ ಅನ್ನ, ಮುದ್ದೆ. ಮೊಟ್ಟೆಯನ್ನೂ ಮುಟ್ಟದ ಶುದ್ಧ ಸಸ್ಯಾಹಾರಿಗಳು, ಪ್ರೋಟೀನ್ ಪುಡಿಯೂ ಸೇರದು ಎನ್ನುವವರು, ಉದ್ದ ಕರುಳು ಬಿಡುವ ಮಿನಿ ಬೈಪಾಸ್‌ಗೆ ಒಪ್ಪುವ ಮುನ್ನ ನೂರು ಸಲ ಯೋಚಿಸಬೇಕು. ಒಪ್ಪಿದರೂ ಎಷ್ಟು ಸೆಂಟಿಮೀಟರ್ ಕರುಳು ಬಿಡುತ್ತೀರಿ ಎಂದು ಸರ್ಜನ್‌ರನ್ನು ಕೇಳಲೇಬೇಕು. ಕೇಳುವ ಹಕ್ಕು ರೋಗಿಗಿದೆ. ಕಬ್ಬಿಣಾಂಶದ್ದೂ ಇದೇ ಕತೆ. ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ದೇಹ ಕಬ್ಬಿಣವನ್ನು ಹೀರಿಕೊಳ್ಳುವುದು ಹೆಚ್ಚಾಗಿ ಕರುಳಿನ ಮೊದಲ ಭಾಗದಲ್ಲಿ, ಬೈಪಾಸ್ ತಪ್ಪಿಸುವುದೂ ಅದೇ ಭಾಗವನ್ನು. ಹಿಮೋಗ್ಲೋಬಿನ್ 9 ಇಟ್ಟುಕೊಂಡು ಬೈಪಾಸ್‌ಗೆ ಹೊರಟವರಿಗೆ ಮೊದಲು ರಕ್ತ ಸರಿಪಡಿಸಿಕೊಳ್ಳಿ ಎನ್ನುವ ವೈದ್ಯರೇ ಸರಿಯಾದ ವೈದ್ಯರು.

ಸಿಹಿ ಬಿಡಲಾರದವರಿಗೆ ಬೈಪಾಸ್ ಒಂದು ರೀತಿಯಲ್ಲಿ ಕಾವಲು. ಹೋಳಿಗೆ, ಪಾಯಸ ತಿಂದ ಅರ್ಧ ಗಂಟೆಯಲ್ಲಿ ಎದೆ ಬಡಿತ, ಬೆವರು, ತಲೆಸುತ್ತು, ಭೇದಿ ಆಗಬಹುದು. ಒಂದೆರಡು ಸಲ ಅನುಭವಿಸಿದವರು ತಾವಾಗಿಯೇ ದೂರ ಇಡುತ್ತಾರೆ. ಸ್ಲೀವ್‌ನಲ್ಲಿ ಈ ಕಾಟ ಕಡಿಮೆ. ಹಾಗಾಗಿಯೇ ಐಸ್‌ಕ್ರೀಂ, ಮಿಲ್ಕ್‌ಶೇಕ್, ಜ್ಯೂಸ್ ಸಲೀಸಾಗಿ ಇಳಿದು, ಎರಡು ವರ್ಷದ ನಂತರ ತೂಕ ಮೆಲ್ಲಗೆ ಮರಳುತ್ತದೆ.

ಸಿಗರೇಟು ಬಿಡಲಾರದವರಿಗೆ ಬೈಪಾಸ್, ಮಿನಿ ಬೈಪಾಸ್ ಎರಡೂ ಬೇಡ. ಜೋಡಿಸಿದ ಜಾಗದಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು. ಮಂಡಿ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ತಾವೇ ಕೊಂಡು ನುಂಗುವವರಿಗೂ ಇದೇ ಅಪಾಯ. ಹೆಂಡದ ವಿಷಯ ಇನ್ನೂ ಗಂಭೀರ. ಬೈಪಾಸ್ ಆದವರಲ್ಲಿ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಮೊದಲು ಮೂರು ಪೆಗ್‌ನಲ್ಲಿ ಏರುತ್ತಿದ್ದ ಅಮಲು ಒಂದಕ್ಕೇ ಏರಬಹುದು. ಊಟದಲ್ಲಿ ಸಿಗುತ್ತಿದ್ದ ಸಮಾಧಾನ ಕಳೆದುಕೊಂಡವರು ಬಾಟಲಿಯಲ್ಲಿ ಅದನ್ನು ಹುಡುಕುವುದೂ ಉಂಟು. ಶಸ್ತ್ರಚಿಕಿತ್ಸೆಗೆ ಮುಂಚೆ ಮನೋವೈದ್ಯರ ಭೇಟಿಯನ್ನು ‘ನನಗೇನು ತಲೆ ಕೆಟ್ಟಿದೆಯಾ?’ ಎಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ಪಿಸಿಒಡಿ ಇದ್ದು ಮಕ್ಕಳಾಗದೆ ಬಳಲುವ ಹೆಣ್ಣುಮಕ್ಕಳಲ್ಲಿ ತೂಕ ಇಳಿದ ಮೇಲೆ ಮುಟ್ಟು ಸರಿಹೋಗಿ ಗರ್ಭ ನಿಲ್ಲುವುದು ಸಾಮಾನ್ಯ. ಆದರೆ ಆಪರೇಷನ್ ಆದ ಮೇಲೆ ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು. ಅತ್ತೆ ಮನೆಯ ಒತ್ತಾಯಕ್ಕೆ ಆರು ತಿಂಗಳಿಗೇ ಗರ್ಭಿಣಿಯಾದರೆ ತಾಯಿಗೂ ಮಗುವಿಗೂ ಪೌಷ್ಟಿಕಾಂಶ ಸಾಲುವುದಿಲ್ಲ. ಈ ಮಾತನ್ನು ಗಂಡನ ಎದುರೇ ಸರ್ಜನ್ ಹೇಳಬೇಕು.

ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಲ್ಲ, ಇನ್ನು ಆಪರೇಷನ್ ಏಕೆ? ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ ಭಾರತಕ್ಕೆ ಬಂದವು. ಪರೀಕ್ಷೆಗಳಲ್ಲಿ ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಒಟ್ಟು ತೂಕದ ಶೇ 15ರಷ್ಟನ್ನು, ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ಹೆಚ್ಚಿನ ಪ್ರಮಾಣದಲ್ಲಿ ಶೇ 20ರಷ್ಟನ್ನು ಇಳಿಸಿದವು. ಸ್ಲೀವ್ ಸುಮಾರು ಶೇ 25, ಬೈಪಾಸ್ ಶೇ 30. ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಇಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ವರ್ಷದೊಳಗೆ ಮರಳಿತು. ಬಿಎಂಐ ಮೂವತ್ತರ ಆಸುಪಾಸಿನವರು, ಶುಗರ್ ಹೊಸದಾಗಿ ಬಂದವರು ಮೊದಲು ಔಷಧಿ ಪ್ರಯತ್ನಿಸುವುದು ನ್ಯಾಯ. ಬಿಎಂಐ 40 ದಾಟಿ, ಮಂಡಿ ಸವೆದು, ರಾತ್ರಿ ಉಸಿರು ಕಟ್ಟುವವರಿಗೆ ಶಸ್ತ್ರಚಿಕಿತ್ಸೆಯ ಸ್ಥಾನವನ್ನು ಇಂಜೆಕ್ಷನ್ ಇನ್ನೂ ಕಿತ್ತುಕೊಂಡಿಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾಗಿ ದಶಕಗಳ ಕಾಲ ನಡೆದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಆದವರು, ಆಗದ ಬೊಜ್ಜಿನವರಿಗಿಂತ ಸರಾಸರಿ ಮೂರು ವರ್ಷ ಹೆಚ್ಚು ಬದುಕಿದರು.

ಅಪಾಯವಿಲ್ಲವೇ? ಇದೆ. ಅನುಭವಿ ಕೇಂದ್ರಗಳಲ್ಲಿ ಸಾವು ಸಾವಿರಕ್ಕೆ ಒಂದರ ಆಸುಪಾಸು, ಪಿತ್ತಕೋಶ ತೆಗೆಯುವ ಆಪರೇಷನ್‌ನಷ್ಟೇ. 2024ರ ಏಪ್ರಿಲ್‌ನಲ್ಲಿ ಪುದುಚೇರಿಯ 26 ವರ್ಷದ ಯುವಕ ಚೆನ್ನೈನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಹೋಗಿ ಮೃತಪಟ್ಟಾಗ ತಮಿಳುನಾಡು ಸರ್ಕಾರ ತನಿಖೆ ನಡೆಸಿತು. ತುರ್ತು ಬಂದರೆ ನಿಭಾಯಿಸುವ ಐಸಿಯು, ಅರಿವಳಿಕೆ ತಜ್ಞರು, ರಕ್ತನಿಧಿ ಅದೇ ಕಟ್ಟಡದಲ್ಲಿವೆಯೇ ಎಂಬುದು ಪ್ಯಾಕೇಜಿನ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ. ವರ್ತೂರು ರಸ್ತೆ, ಮಾರತ್ತಹಳ್ಳಿ, ವೈಟ್‌ಫೀಲ್ಡ್ ಸುತ್ತ ಅಂಥ ದೊಡ್ಡ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಕಡಿಮೆ ಬೆಲೆಗೆಂದು ಸಣ್ಣ ನರ್ಸಿಂಗ್ ಹೋಮ್ ಹುಡುಕುವ ಅಗತ್ಯ ಈ ಭಾಗದವರಿಗಿಲ್ಲ.

ಇನ್ನೊಂದು ಅಪಾಯವನ್ನು ಬೀದಿಯ ಕ್ಲಿನಿಕ್‌ಗಳೂ ತಿಳಿದಿರಬೇಕು. ಆಪರೇಷನ್ ಆದ ತಿಂಗಳುಗಳಲ್ಲಿ ವಾಂತಿ ನಿಲ್ಲದೆ ಸುಸ್ತಾದವರು ಹತ್ತಿರದ ಕ್ಲಿನಿಕ್‌ಗೆ ಹೋಗುತ್ತಾರೆ, ಅಲ್ಲಿ ಗ್ಲೂಕೋಸ್ ಡ್ರಿಪ್ಸ್ ಹಾಕುತ್ತಾರೆ. ದೇಹದಲ್ಲಿ ಬಿ1 ಜೀವಸತ್ವ ಬತ್ತಿಹೋಗಿರುವಾಗ ಬರೀ ಗ್ಲೂಕೋಸ್ ಕೊಟ್ಟರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಮೊದಲು ಬಿ1, ಆಮೇಲೆ ಗ್ಲೂಕೋಸ್. ತನಗೆ ಯಾವ ಶಸ್ತ್ರಚಿಕಿತ್ಸೆ ಆಗಿದೆ ಎಂದು ಬರೆದ ಚೀಟಿ ಪರ್ಸಿನಲ್ಲಿ ಸದಾ ಇರಲಿ, ಮನೆಯವರಿಗೂ ಗೊತ್ತಿರಲಿ.

ಎಲ್ಲ ತೂಗಿ ನೋಡಿದರೆ: ಎದೆ ಉರಿಯ ಕಾಟ ಇಲ್ಲದ, ಎಂಡೋಸ್ಕೋಪಿ ಶುದ್ಧವಾಗಿರುವ, ರಕ್ತಹೀನತೆಯಿರುವ ಅಥವಾ ನೋವಿನ ಮಾತ್ರೆ ತಪ್ಪದ, ಶುಗರ್ ಇನ್ನೂ ಹೊಸದಾಗಿರುವವರಿಗೆ ಸ್ಲೀವ್ ಒಪ್ಪುತ್ತದೆ. ಎದೆ ಉರಿ ಇರುವವರಿಗೆ, ಶುಗರ್ ಇನ್ಸುಲಿನ್ ಮುಟ್ಟಿದವರಿಗೆ, ಸಿಹಿಯ ಮೋಹಿಗಳಿಗೆ ಬೈಪಾಸ್. ಬಿಎಂಐ ಬಹಳ ಹೆಚ್ಚಿದ್ದು, ಮಾಂಸ ಮೊಟ್ಟೆ ತಿನ್ನುವ, ತಪಾಸಣೆಗೆ ತಪ್ಪದೆ ಬರುವವರಿಗೆ ಮಿನಿ ಬೈಪಾಸ್ ಕೂಡ ಯೋಗ್ಯ. ಕೆಲಸ ಬದಲಿಸಿ ಊರು ಬಿಡುವವರು, ವಿದೇಶಕ್ಕೆ ಹೊರಟವರು, ಮಾತ್ರೆ ಎಂದರೆ ಮೂರು ತಿಂಗಳಿಗೆ ಬೇಸರಪಡುವವರು ಕರುಳು ಮುಟ್ಟುವ ಯಾವುದನ್ನೂ ಆತುರದಲ್ಲಿ ಒಪ್ಪಬಾರದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ ಮತ್ತು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಜೀವಮಾನದ ಸಂಗಾತಿಗಳು. ಸ್ಲೀವ್‌ಗೂ ಇದು ಅನ್ವಯ.

ಸರ್ಜನ್ ಎದುರು ಕೂತಾಗ ಮೂರು ಕೇಳಿ: ನನ್ನ ಎಂಡೋಸ್ಕೋಪಿ ವರದಿಯಲ್ಲಿ ಏನಿದೆ, ನೀವು ಸ್ಲೀವ್ ಬೈಪಾಸ್ ಎರಡನ್ನೂ ವರ್ಷಕ್ಕೆ ಎಷ್ಟು ಮಾಡುತ್ತೀರಿ, ಐದು ವರ್ಷದ ಹಿಂದೆ ಆಪರೇಷನ್ ಆದ ನಿಮ್ಮ ರೋಗಿಗಳಲ್ಲಿ ಎಷ್ಟು ಮಂದಿ ಇಂದಿಗೂ ತಪಾಸಣೆಗೆ ಬರುತ್ತಿದ್ದಾರೆ. ಮೂರಕ್ಕೂ ನೇರ ಉತ್ತರ ಸಿಗುವವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.